ಲೆಕ್ಕ ಇಡುವುದು, ಲೆಕ್ಕ ಒಪ್ಪಿಸುವುದು: ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಲೆಕ್ಕಶಾಸ್ತ್ರದ ಓದು

ಕನ್ನಡದಲ್ಲಿ ‘ಲೆಕ್ಕ’ ಎಂಬ ಒಂದೇ ಮಾತು ಮೂರು ಬೇರೆ ಬೇರೆ ಕೆಲಸಗಳಿಗೆ ಸಲ್ಲುತ್ತದೆ. ಮಕ್ಕಳು ಶಾಲೆಯಲ್ಲಿ ಲೆಕ್ಕ ಮಾಡುತ್ತಾರೆ. ಗುಮಾಸ್ತರು ಪುಸ್ತಕದಲ್ಲಿ ಲೆಕ್ಕ ಇಡುತ್ತಾರೆ. ಬೇರೆಯವರ ಹಣಕ್ಕೋ ಆಸ್ತಿಗೋ ಹೊಣೆ ಹೊತ್ತವರು, ಅದನ್ನು ನಂಬಿ ಕೊಟ್ಟವರ ಮುಂದೆ ನಿಂತು ಲೆಕ್ಕ ಒಪ್ಪಿಸುತ್ತಾರೆ. ಲೆಕ್ಕಶಾಸ್ತ್ರದ ಪದವಿಗೆ ಈಗಷ್ಟೇ ಸೇರಿರುವ ನೀವು ಮೊದಲ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದಿರುತ್ತೀರಿ. ನಾನು ಇಂದು ಮಾತನಾಡಬೇಕೆಂದಿರುವುದು ಮೂರನೆಯದರ ಬಗ್ಗೆ. ಮೊದಲ ಎರಡು ಕೆಲಸಗಳು ಇರುವುದೇ ಮೂರನೆಯದಕ್ಕಾಗಿ, ಮತ್ತು ಅದನ್ನು ಕಲಿಯಲು ಸಾರ್ವಜನಿಕ ವಿಶ್ವವಿದ್ಯಾಲಯಕ್ಕಿಂತ ತಕ್ಕ ಜಾಗ ನನಗೆ ಕಾಣುವುದಿಲ್ಲ. ಇಲ್ಲಿ ನಿಮ್ಮ ಓದಿನ ಖರ್ಚಿನ ಒಂದು ಪಾಲನ್ನು ನಿಮ್ಮ ಹೆಸರು ಕೂಡ ತಿಳಿಯದ ತೆರಿಗೆದಾರರು ಹೊತ್ತಿದ್ದಾರೆ. ಅವರಿಗೆ ಈ ಸಂಸ್ಥೆ ಪ್ರತಿ ವರ್ಷವೂ ಲೆಕ್ಕ ಒಪ್ಪಿಸಬೇಕಾಗುತ್ತದೆ.

ಮೊದಲು ಒಂದು ಭಯವನ್ನು ಬದಿಗಿಡೋಣ. ಗಣಿತ ಬಾರದವರಿಗೆ ಲೆಕ್ಕಶಾಸ್ತ್ರ ಒಲಿಯುವುದಿಲ್ಲ ಎಂದು ನಂಬಿದವರು ಈ ಸಭೆಯಲ್ಲಿಯೂ ಇರಬಹುದು. ಮೊದಲ ವರ್ಷದ ಪಠ್ಯಕ್ಕೆ ಬೇಕಾಗುವ ಗಣಿತ ಕೂಡಿಸು, ಕಳೆ, ಗುಣಿಸು, ಭಾಗಿಸು ಮತ್ತು ಶೇಕಡಾವಾರು, ಅಷ್ಟೇ. ಕಷ್ಟವಿರುವುದು ಬೇರೆಡೆ. ಒಂದು ಸಂಸ್ಥೆ 10 ಲಕ್ಷ ಕೊಟ್ಟು ಒಂದು ಯಂತ್ರವನ್ನು ಕೊಂಡಿತು ಎನ್ನಿ. ಅದು 5 ವರ್ಷ ಬಾಳುತ್ತದೆ ಎಂದು ಅಂದಾಜು ಮಾಡಿದರೆ ವರ್ಷಕ್ಕೆ 2 ಲಕ್ಷ ಸವಕಳಿ, ಅಂದರೆ ಯಂತ್ರ ಸವೆದದ್ದಕ್ಕೆ ಆ ವರ್ಷದ ಖರ್ಚೆಂದು ಬರೆಯುವ ಮೊತ್ತ. 10 ವರ್ಷ ಬಾಳುತ್ತದೆ ಎಂದರೆ ವರ್ಷಕ್ಕೆ 1 ಲಕ್ಷ. ಯಂತ್ರ ಅದೇ, ಕೊಟ್ಟ ಹಣ ಅದೇ, ಮಾರಾಟವೂ ಅದೇ. ಆದರೂ ಮೊದಲ ವರ್ಷದ ಲಾಭದಲ್ಲಿ 1 ಲಕ್ಷದ ವ್ಯತ್ಯಾಸ ಬಂದುಬಿಡುತ್ತದೆ. ಭಾಗಾಕಾರವನ್ನು ಯಾರು ಬೇಕಾದರೂ ಮಾಡಬಲ್ಲರು. 5 ಎನ್ನಬೇಕೋ 10 ಎನ್ನಬೇಕೋ ಎಂಬುದನ್ನು ತೀರ್ಮಾನಿಸಿ, ಆ ತೀರ್ಮಾನಕ್ಕೆ ಕಾರಣ ಕೊಟ್ಟು, ಕಾರಣವನ್ನು ಪ್ರಶ್ನಿಸಿದವರಿಗೆ ಉತ್ತರಿಸಲು ಸಿದ್ಧರಾಗಿರುವುದು ನಮ್ಮ ವಿದ್ಯೆ.

ಈ ವಿದ್ಯೆಯ ಇತಿಹಾಸವನ್ನು ಹೇಳುವಾಗ ಸಾಮಾನ್ಯವಾಗಿ ವ್ಯಾಪಾರಿಗಳಿಂದ ಆರಂಭಿಸುತ್ತಾರೆ. ನಾನು ಒಂದು ನಗರದಿಂದ ಆರಂಭಿಸುತ್ತೇನೆ. ಪ್ರತಿ ವ್ಯವಹಾರವನ್ನೂ ಡೆಬಿಟ್, ಕ್ರೆಡಿಟ್ ಎಂಬ ಎರಡು ಬದಿಗಳಲ್ಲಿ ಬರೆಯುವ ಜೋಡಿ ನಮೂದು ಪದ್ಧತಿಯ ಪೂರ್ಣ ಸ್ವರೂಪಕ್ಕೆ ಉಳಿದಿರುವ ಅತಿ ಹಳೆಯ ಸಾಕ್ಷ್ಯಗಳಲ್ಲಿ ಒಂದು, ಇಟಲಿಯ ಜಿನೋವಾ ನಗರಾಡಳಿತದ ಖಜಾಂಚಿಗಳು 1340ರಲ್ಲಿ ಬರೆದಿಟ್ಟ ಪುಸ್ತಕ. ಅದರಲ್ಲಿ ಕರಿಮೆಣಸಿನ ಒಂದು ಖಾತೆಯಿದೆ. ನಗರವು ಮೆಣಸನ್ನು ಕೊಂಡಿತು, ಮಾರಿತು, ನಷ್ಟ ಅನುಭವಿಸಿತು. ಆ ನಷ್ಟವನ್ನು ಮೆಣಸಿನ ಖಾತೆಯಿಂದ ಎತ್ತಿ ನಷ್ಟದ ಖಾತೆಗೆ ವರ್ಗಾಯಿಸಿಯೇ ಖಾತೆಯನ್ನು ಮುಕ್ತಾಯ ಮಾಡಲಾಗಿದೆ. ಸಾರ್ವಜನಿಕರ ಹಣವನ್ನು ನಿರ್ವಹಿಸುತ್ತಿದ್ದವರು ಸುಮಾರು ಏಳು ಶತಮಾನಗಳ ಹಿಂದೆಯೇ ತಮ್ಮ ನಷ್ಟವನ್ನು ಎರಡೂ ಕಡೆ ತಾಳೆಯಾಗುವಂತೆ ಬರೆದಿಟ್ಟರು ಎಂಬುದು, ಈ ವಿಷಯವನ್ನು ಮೂವತ್ತು ವರ್ಷ ಬೋಧಿಸಿದ ಮೇಲೂ, ನನ್ನನ್ನು ಮುಟ್ಟುತ್ತದೆ. ಈ ಪದ್ಧತಿ ಅಚ್ಚಿನಲ್ಲಿ ಪ್ರಚಾರಕ್ಕೆ ಬಂದದ್ದು 1494ರಲ್ಲಿ, ಲೂಕಾ ಪಾಚೋಲಿ ವೆನಿಸ್‌ನಲ್ಲಿ ಪ್ರಕಟಿಸಿದ ಗಣಿತ ಗ್ರಂಥದ ಒಂದು ಭಾಗವಾಗಿ. ಪಾಚೋಲಿ ಅದನ್ನು ಕಂಡುಹಿಡಿದವನಲ್ಲ. ವೆನಿಸ್‌ನ ವರ್ತಕರಲ್ಲಿ ಆಗಲೇ ಬಳಕೆಯಲ್ಲಿದ್ದುದನ್ನು ಕ್ರಮವಾಗಿ ಬರೆದವನು. ಅವನು ವರ್ತಕನೂ ಅಲ್ಲ, ಪೆರುಜಾ ಮುಂತಾದ ಊರುಗಳ ವಿಶ್ವವಿದ್ಯಾಲಯಗಳಲ್ಲಿ ಗಣಿತ ಹೇಳಿಕೊಟ್ಟ ಸಂನ್ಯಾಸಿ. ಕೈಕೆಲಸದ ಅರಿವನ್ನು ವಿವರಿಸಬಲ್ಲ, ಪ್ರಶ್ನಿಸಬಲ್ಲ ಜ್ಞಾನವನ್ನಾಗಿ ಮಾಡುವ ಕೆಲಸದಲ್ಲಿ ಅಧ್ಯಾಪಕರ ಪಾತ್ರ ಅಲ್ಲಿಂದಲೇ ಆರಂಭವಾಯಿತು.

ಆದರೆ ಲೆಕ್ಕಿಗರಾಗಲು ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂಬ ಮಾತು ಬಹಳ ತಡವಾಗಿ ಬಂತು. 1854ರಲ್ಲಿ ಎಡಿನ್‌ಬರೋದ ಲೆಕ್ಕಿಗರ ಸಂಘಕ್ಕೆ ರಾಜಮಾನ್ಯತೆ ದೊರೆತ ಕಾಲದಲ್ಲಿ ಈ ವೃತ್ತಿಯನ್ನು ಕಲಿಯುತ್ತಿದ್ದುದು ಹಿರಿಯರೊಬ್ಬರ ಕಚೇರಿಯಲ್ಲಿ ವರ್ಷಗಟ್ಟಲೆ ಉಮೇದುವಾರಿ ಮಾಡಿ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 1898ರಲ್ಲಿ ವಾಣಿಜ್ಯ ಕಾಲೇಜನ್ನು ತೆರೆಯಿತು. ಅಲ್ಲಿನ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಅದೇ ಮೊದಲನೆಯದು. ಬ್ರಿಟನ್ನಿನಲ್ಲಿ ಲೆಕ್ಕಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿ ಲಾರೆನ್ಸ್ ಡಿಕ್ಸಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ನೇಮಕಗೊಂಡದ್ದು 1902ರಲ್ಲಿ. ಕಚೇರಿಯಲ್ಲೇ ಕಲಿಯಬಹುದಾದುದನ್ನು ತರಗತಿಯಲ್ಲಿ ಏಕೆ ಕಲಿಯಬೇಕು ಎಂಬ ಪ್ರಶ್ನೆ ಇಂದಿಗೂ ಪೂರ್ತಿ ಮುಗಿದಿಲ್ಲ, ಮತ್ತು ನಿಮ್ಮಲ್ಲಿ ಕೆಲವರ ಮನೆಯಲ್ಲಿ ಅದೇ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿರುತ್ತದೆ: ಹೇಗೂ ವೃತ್ತಿಪರ ಪರೀಕ್ಷೆ ಬರೆಯಲೇಬೇಕು, ನಡುವೆ ಈ ಪದವಿ ಏಕೆ?

ಅದಕ್ಕೆ ನನ್ನ ಉತ್ತರವನ್ನು ಒಂದು ಉದಾಹರಣೆಯ ಮೂಲಕವೇ ಕೊಡುತ್ತೇನೆ. ವಿಮಾನಯಾನ ಸಂಸ್ಥೆಯೊಂದು ವಿಮಾನಗಳನ್ನು ಕೊಳ್ಳದೆ, ವರ್ಷಗಳ ಅವಧಿಗೆ ಗುತ್ತಿಗೆಗೆ ಪಡೆಯಿತು ಎನ್ನಿ. ಅಂತರರಾಷ್ಟ್ರೀಯ ಲೆಕ್ಕಶಾಸ್ತ್ರ ಮಾನದಂಡಗಳ ಹಳೆಯ ನಿಯಮದ ಪ್ರಕಾರ, ಒಡೆತನದ ಲಾಭ-ಅಪಾಯಗಳು ಬಹುಪಾಲು ಗುತ್ತಿಗೆಗೆ ಪಡೆದ ಸಂಸ್ಥೆಗೆ ವರ್ಗವಾಗದಿದ್ದರೆ, ಆ ವಿಮಾನ ಅದರ ಅಢಾವೆ ಪತ್ರಿಕೆಯಲ್ಲಿ, ಅಂದರೆ ಆಸ್ತಿ-ಹೊಣೆಗಳ ಪಟ್ಟಿಯಲ್ಲಿ, ಆಸ್ತಿಯಾಗಿ ಕಾಣಿಸುತ್ತಿರಲಿಲ್ಲ. ಮುಂದಿನ ವರ್ಷಗಳಲ್ಲಿ ಕಟ್ಟಲೇಬೇಕಾದ ಬಾಡಿಗೆಯೂ ಹೊಣೆಯಾಗಿ ಕಾಣಿಸುತ್ತಿರಲಿಲ್ಲ. ಟಿಪ್ಪಣಿಗಳಲ್ಲಿ ಒಂದು ಸಾಲು ಮಾತ್ರ. ವಿಮಾನಗಳು ದಿನವೂ ಹಾರುತ್ತಿದ್ದವು, ಹಣ ತಿಂಗಳಿಗೊಮ್ಮೆ ಹೋಗುತ್ತಿತ್ತು, ಅಢಾವೆ ಪತ್ರಿಕೆ ಮಾತ್ರ ಖಾಲಿ. 2016ರಲ್ಲಿ ಹೊಸ ಮಾನದಂಡವನ್ನು ಪ್ರಕಟಿಸಿ, 2019ರ ಜನವರಿ 1ರಿಂದ ಜಾರಿಗೆ ತಂದರು. ಕಡಿಮೆ ಅವಧಿಯ ಮತ್ತು ಅಲ್ಪ ಮೌಲ್ಯದ ಗುತ್ತಿಗೆಗಳನ್ನು ಬಿಟ್ಟರೆ, ಉಳಿದವೆಲ್ಲ ಅಢಾವೆ ಪತ್ರಿಕೆಯೊಳಗೆ ಬಂದವು. ಹಳೆಯ ನಿಯಮವನ್ನು ಬಾಯಿಪಾಠ ಮಾಡಿದ್ದ ವಿದ್ಯಾರ್ಥಿಯ ಓದು ಅಂದಿಗೆ ಹಳಸಿತು. ‘ಹೊಣೆ ಎಂದರೇನು, ಅದು ಯಾವ ಗಳಿಗೆಯಲ್ಲಿ ಹುಟ್ಟುತ್ತದೆ’ ಎಂದು ಕೇಳುತ್ತ ಓದಿದ್ದ ವಿದ್ಯಾರ್ಥಿಗೆ ಹೊಸ ನಿಯಮ ಬರುವ ಮೊದಲೇ ಹಳೆಯದರ ಕೊರತೆ ತಿಳಿದಿತ್ತು. ವೃತ್ತಿಪರ ಪರೀಕ್ಷೆ ಇಂದು ಜಾರಿಯಲ್ಲಿರುವ ನಿಯಮವನ್ನು ಕೇಳುತ್ತದೆ, ಅದು ಕೇಳಲೇಬೇಕು. ಆ ನಿಯಮ ಏಕೆ ಹೀಗಿದೆ, ಬೇರೆ ರೀತಿ ಇರಬಹುದಿತ್ತೇ, ಇದರಿಂದ ಯಾರಿಗೆ ಅನುಕೂಲ ಎಂದು ಕೇಳಲು ಬಿಡುವಿರುವುದು ಇಲ್ಲಿ, ಈ ಮೂರು ನಾಲ್ಕು ವರ್ಷಗಳಲ್ಲಿ.

ಈ ಸಂದರ್ಭದಲ್ಲಿ ಒಂದು ಮಾತು. ಅಂತರರಾಷ್ಟ್ರೀಯ ಮಾನದಂಡಗಳ ಜೊತೆಗೆ, ಅವನ್ನು ರೂಪಿಸುವ ಮಂಡಳಿಯು ತನ್ನ ತೀರ್ಮಾನಗಳಿಗೆ ಹೇಗೆ ಬಂತು ಎಂಬುದನ್ನು ವಿವರಿಸುವ ಭಾಗವೊಂದು ಪ್ರಕಟವಾಗುತ್ತದೆ. ಒಪ್ಪದ ಸದಸ್ಯರಿದ್ದರೆ ಅವರ ಭಿನ್ನಮತವೂ ಅಲ್ಲಿ ಅಚ್ಚಾಗಿರುತ್ತದೆ. ಪರೀಕ್ಷೆಗೆ ಇದು ಬರುವುದಿಲ್ಲವೆಂದು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ವಿಶ್ವವಿದ್ಯಾಲಯದ ಗ್ರಂಥಾಲಯ ನಿಮಗೆ ಒದಗಿಸಬಲ್ಲ ಓದುಗಳಲ್ಲಿ, ನನ್ನ ಮಟ್ಟಿಗೆ, ಅದರಷ್ಟು ಫಲ ಕೊಡುವುದು ಇನ್ನೊಂದಿಲ್ಲ.

ಇನ್ನು ಕೈಯಿಂದ ಬರೆದು ಕಲಿಯುವ ವಿಚಾರ. ತಂತ್ರಾಂಶವೇ ಖಾತೆಗಳಿಗೆ ನಮೂದು ಸಾಗಿಸುವಾಗ ನಾವೇಕೆ ಬರೆಯಬೇಕೆಂದು ನೀವು ಕೇಳುತ್ತೀರಿ. ಪ್ರತಿಯೊಬ್ಬರೂ ಒಂದೇ ಒಂದು ಸಲವಾದರೂ, ದಿನವಹಿಯಿಂದ ಆರಂಭಿಸಿ ಖಾತೆಗಳು, ತಾಳೆಪಟ್ಟಿ, ಹೊಂದಾಣಿಕೆಗಳು, ಲಾಭ-ನಷ್ಟ ಖಾತೆ, ಅಢಾವೆ ಪತ್ರಿಕೆಯವರೆಗಿನ ಪೂರ್ಣ ಆವರ್ತವನ್ನು ಕಾಗದದ ಮೇಲೆ ಮುಗಿಸಬೇಕೆಂದು ನಾನು ಒತ್ತಾಯಿಸುತ್ತೇನೆ. ತಾಳೆಪಟ್ಟಿ ಕೂಡದಿದ್ದಾಗ, ಅಂದರೆ ಎಲ್ಲ ಖಾತೆಗಳ ಡೆಬಿಟ್ ಮತ್ತು ಕ್ರೆಡಿಟ್ ಮೊತ್ತಗಳು ಸಮವಾಗದಿದ್ದಾಗ, ಹಿಂದಿನ ಗುಮಾಸ್ತರು ಮೊದಲು ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತಿದ್ದರು. 5,400 ಎಂದು ಬರೆಯಬೇಕಾದಲ್ಲಿ 4,500 ಎಂದು ಬರೆದರೆ ವ್ಯತ್ಯಾಸ 900. ಪಕ್ಕಪಕ್ಕದ ಅಂಕಿಗಳು ಅದಲುಬದಲಾದಾಗ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ವ್ಯತ್ಯಾಸದ ಅರ್ಧದಷ್ಟು ಮೊತ್ತದ ನಮೂದು ಎಲ್ಲಾದರೂ ಇದ್ದರೆ, ಅದು ಡೆಬಿಟ್ ಬದಲು ಕ್ರೆಡಿಟ್ ಕಡೆಗೆ ಹೋಗಿರುವ ಸಾಧ್ಯತೆ ಇರುತ್ತದೆ. ಇಂಥ ಉಪಾಯಗಳಿಂದ ನಿಮಗೆ ನೌಕರಿ ಸಿಗುವುದಿಲ್ಲ. ಆದರೆ ತಪ್ಪಿಗೂ ಒಂದು ಆಕಾರವಿದೆ, ಅದು ಗುರುತು ಬಿಟ್ಟು ಹೋಗುತ್ತದೆ ಎಂಬ ಅರಿವು ಬೆರಳುಗಳ ಮೂಲಕವೇ ಬರುವಂಥದ್ದು; ಮುಂದೆ ಲೆಕ್ಕಪರಿಶೋಧನೆಗೆ ಇಳಿದಾಗ ಆ ಅರಿವಿನ ಬೆಲೆ ಗೊತ್ತಾಗುತ್ತದೆ.

ನಾನು ವಿದ್ಯಾರ್ಥಿಯಾಗಿದ್ದಾಗ ಅಂಥದೊಂದು ಅಭ್ಯಾಸದಲ್ಲಿ ತಾಳೆಪಟ್ಟಿಯ ಎರಡು ಬದಿಗಳ ನಡುವೆ ಒಂದು ಸಣ್ಣ ಮೊತ್ತ ಉಳಿದುಹೋಯಿತು. ಸಂಜೆಯಿಡೀ ಹುಡುಕಿ, ಸಿಗದೆ, ಅದನ್ನು ಅನಾಮತ್ತು ಖಾತೆಗೆ, ಅಂದರೆ ಗುರುತು ಸಿಗದ ಮೊತ್ತವನ್ನು ತಾತ್ಕಾಲಿಕವಾಗಿ ಇಡುವ ಖಾತೆಗೆ, ಹಾಕಿ ಪಟ್ಟಿಯನ್ನು ಸರಿಮಾಡಿ ಒಪ್ಪಿಸಿದೆ. ನಮ್ಮ ಅಧ್ಯಾಪಕರು ಅಂಕವನ್ನು ಕಳೆಯಲಿಲ್ಲ. ಆ ಖಾತೆಯ ಹೆಸರಿನ ಕೆಳಗೆ ಗೆರೆ ಎಳೆದು, ಮರುದಿನ ನನ್ನನ್ನು ಕರೆದು, “ಇದು ಯಾರ ಹಣ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಪುಸ್ತಕದಲ್ಲಿರುವ ಪ್ರತಿಯೊಂದು ಮೊತ್ತವೂ ಯಾರದೋ ಹಣ ಎಂಬುದನ್ನು ಅವರು ಉಪದೇಶವಾಗಿ ಹೇಳಿದ್ದರೆ ನಾನು ಮರೆಯುತ್ತಿದ್ದೆನೇನೋ. ಪ್ರಶ್ನೆಯಾಗಿ ಕೇಳಿದ್ದರಿಂದ ಅದು ಇಂದಿನವರೆಗೂ ನನ್ನ ಜೊತೆಗಿದೆ.

ತಾಳೆಪಟ್ಟಿ ಕೂಡಿತೆಂದ ಮಾತ್ರಕ್ಕೆ ಲೆಕ್ಕ ನಿಜವೆಂದಾಗುವುದಿಲ್ಲ. ಇದನ್ನು ಪ್ರತಿ ಪಠ್ಯಪುಸ್ತಕವೂ ಹೇಳುತ್ತದೆ. ಯಂತ್ರದ ದುರಸ್ತಿಯ ಖರ್ಚನ್ನು ಯಂತ್ರದ ಖಾತೆಗೇ ಬರೆದರೆ ಎರಡೂ ಬದಿ ಸರಿಯಾಗಿ ಕೂಡುತ್ತವೆ, ಆದರೆ ಈ ವರ್ಷದ ಖರ್ಚು ಆಸ್ತಿಯ ವೇಷ ಹಾಕಿಕೊಂಡು ಕೂತಿರುತ್ತದೆ. ಇದನ್ನು ತತ್ವದ ತಪ್ಪು ಎನ್ನುತ್ತೇವೆ. ಎರಡು ಅಂಕದ ಪ್ರಶ್ನೆಯಾಗಿ ಓದಿ ಮುಂದೆ ಸಾಗುತ್ತೇವೆ. 2002ರ ಜೂನ್‌ನಲ್ಲಿ ಅಮೆರಿಕದ ವರ್ಲ್ಡ್‌ಕಾಮ್ ಎಂಬ ದೂರಸಂಪರ್ಕ ಕಂಪನಿಯಲ್ಲಿ ಹೊರಬಿದ್ದದ್ದು ಬಹುಮಟ್ಟಿಗೆ ಇದೇ ಎರಡು ಅಂಕದ ಪ್ರಶ್ನೆ. ತನ್ನ ಗ್ರಾಹಕರ ಕರೆಗಳನ್ನು ಸಾಗಿಸಲು ಇತರ ಕಂಪನಿಗಳ ಜಾಲವನ್ನು ಬಳಸಿದ್ದಕ್ಕೆ ಕೊಡುತ್ತಿದ್ದ ಶುಲ್ಕ ಆಯಾ ಕಾಲದ ಖರ್ಚು; ಅದರ ದೊಡ್ಡ ಪಾಲನ್ನು ಆಸ್ತಿ ಎಂದು ಬರೆದು ಲಾಭವನ್ನು ಹಿಗ್ಗಿಸಲಾಗಿತ್ತು. ಮೊದಲು ಪ್ರಕಟವಾದ ಮೊತ್ತವೇ 380 ಕೋಟಿ ಡಾಲರ್. ತನಿಖೆ ಮುಗಿಯುವ ಹೊತ್ತಿಗೆ ಒಟ್ಟು ಅಕ್ರಮಗಳ ಮೊತ್ತ ಸುಮಾರು 1,100 ಕೋಟಿ ಡಾಲರಿಗೆ ಏರಿತ್ತು. ಎಲ್ಲಿಯೂ ಡೆಬಿಟ್‌ಗೂ ಕ್ರೆಡಿಟ್‌ಗೂ ತಾಳ ತಪ್ಪಿರಲಿಲ್ಲ. ಅದನ್ನು ಹಿಡಿದವರು ಅದೇ ಕಂಪನಿಯ ಆಂತರಿಕ ಲೆಕ್ಕಪರಿಶೋಧನೆಯ ಮುಖ್ಯಸ್ಥೆ ಸಿಂಥಿಯಾ ಕೂಪರ್ ಮತ್ತು ಅವರ ಸಣ್ಣ ತಂಡ. ರಾತ್ರಿಗಳಲ್ಲಿ ಕುಳಿತು ನಮೂದುಗಳ ಬೆನ್ನು ಹತ್ತಿ, ಇವುಗಳ ಹಿಂದಿನ ಆಧಾರ ಪತ್ರಗಳೆಲ್ಲಿ ಎಂದು ಕೇಳುತ್ತ ಹೋದರು. ಆಧಾರ ಪತ್ರಗಳಿರಲಿಲ್ಲ.

ಆ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಮೇಲಿನ ಅಧಿಕಾರಿಗಳ ಕಥೆಯಲ್ಲ. ಮೇಲಿನವರು ಹೇಳಿದ್ದರಿಂದ ಆ ನಮೂದುಗಳನ್ನು ತಮ್ಮ ಕೈಯಾರೆ ಬರೆದ ಮಧ್ಯಮ ಸ್ತರದ ಲೆಕ್ಕಿಗರಿದ್ದರು. ಅದು ತಪ್ಪೆಂದು ಅವರಿಗೆ ಗೊತ್ತಿತ್ತು. ಆಕ್ಷೇಪಿಸಿದ್ದರು, ಬಿಟ್ಟುಹೋಗುವ ಯೋಚನೆಯನ್ನೂ ಮಾಡಿದ್ದರು, ಕೊನೆಗೆ ಬರೆದರು, ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಅವರೆಲ್ಲ ನಿಮ್ಮಂತೆಯೇ ಒಂದು ತರಗತಿಯಲ್ಲಿ ಕುಳಿತು ಆಸ್ತಿಯಾಗುವ ಬಂಡವಾಳ ವೆಚ್ಚಕ್ಕೂ ಆಯಾ ವರ್ಷದ ಖರ್ಚಾಗುವ ರಾಜಸ್ವ ವೆಚ್ಚಕ್ಕೂ ಇರುವ ವ್ಯತ್ಯಾಸವನ್ನು ಕಲಿತವರು. ಆದ್ದರಿಂದ ವೃತ್ತಿನೀತಿಯನ್ನು ಕೊನೆಯ ಸೆಮಿಸ್ಟರಿನ ಒಂದು ಐಚ್ಛಿಕ ವಿಷಯವನ್ನಾಗಿ ಇಡುವುದನ್ನು ನಾನು ಒಪ್ಪುವುದಿಲ್ಲ. ಸವಕಳಿಯ ಮೊದಲ ಪಾಠದಲ್ಲೇ, 5 ವರ್ಷ ಎಂದು ನಿಮಗೆ ಅನ್ನಿಸಿದ್ದನ್ನು 10 ಎಂದು ಬರೆಯಿರಿ ಎಂದು ಮೇಲಿನವರು ಹೇಳಿದರೆ ಏನು ಮಾಡುತ್ತೀರಿ, ಯಾರಿಗೆ ಹೇಳುತ್ತೀರಿ, ಯಾವ ಕಾಗದವನ್ನು ಉಳಿಸಿಕೊಳ್ಳುತ್ತೀರಿ ಎಂಬ ಪ್ರಶ್ನೆ ಬರಬೇಕು. ‘ಇಲ್ಲ’ ಎನ್ನುವುದಕ್ಕೂ ತರಬೇತಿ ಬೇಕಾಗುತ್ತದೆ.

ಈಗ ನೀವು ಓದುತ್ತಿರುವ ಸಂಸ್ಥೆಯ ಕಡೆಗೇ ಬರೋಣ. ಸಾರ್ವಜನಿಕ ವಿಶ್ವವಿದ್ಯಾಲಯದ ಲೆಕ್ಕಪತ್ರಗಳು ಸಾರ್ವಜನಿಕ ಪರಿಶೀಲನೆಗೆ ಒಳಪಡುವಂಥವು. ನಾನು ಕಂಡಂತೆ ಲೆಕ್ಕಶಾಸ್ತ್ರದ ವಿದ್ಯಾರ್ಥಿಗಳು ತೀರ ವಿರಳವಾಗಿ ಅವನ್ನು ತೆರೆದು ನೋಡುತ್ತಾರೆ. ಪಠ್ಯಪುಸ್ತಕದ ಕಲ್ಪಿತ ಕಂಪನಿಗಳಿಗಿಂತ ಕಠಿಣವಾದ ಪ್ರಶ್ನೆಗಳು ಅಲ್ಲಿವೆ. ಆರ್ಥಿಕ ವರ್ಷ ಮುಗಿಯುವ ಮೊದಲೇ ನೀವು ಮುಂದಿನ ಅವಧಿಯ ಶುಲ್ಕವನ್ನು ಕಟ್ಟಿದ್ದರೆ, ಆ ಹಣ ಬ್ಯಾಂಕಿನಲ್ಲಿದ್ದರೂ ವಿಶ್ವವಿದ್ಯಾಲಯ ಅದನ್ನು ಇನ್ನೂ ಗಳಿಸಿಲ್ಲ. ನಿಮಗೆ ಪಾಠ ಮಾಡುವ ಋಣ ಅದರ ಮೇಲಿದೆ, ಹಾಗಾಗಿ ಆ ಶುಲ್ಕ ಹೊಣೆಗಳ ಪಟ್ಟಿಯಲ್ಲಿ ಕೂರುತ್ತದೆ. ಒಂದು ನಿರ್ದಿಷ್ಟ ಸಂಶೋಧನೆಗೆಂದು ಬಂದ ಅನುದಾನವನ್ನು ಕಟ್ಟಡದ ಬಣ್ಣಕ್ಕೆ ಬಳಸುವಂತಿಲ್ಲ. ಖಜಾನೆಯಲ್ಲಿ ಹಣ ತುಂಬಿದಂತೆ ಕಂಡರೂ, ಸಂಬಳಕ್ಕೆ ಬಳಸಬಹುದಾದದ್ದು ಅದರಲ್ಲಿ ಎಷ್ಟು ಎಂಬುದನ್ನು ಬೇರೆಯಾಗಿಯೇ ಹುಡುಕಬೇಕು. ಇನ್ನು ಗ್ರಂಥಾಲಯದಲ್ಲಿರುವ ಹಸ್ತಪ್ರತಿಗಳಿಗೆ ಏನೆಂದು ಬೆಲೆ ಬರೆಯುತ್ತೀರಿ? ಅವನ್ನು ಮಾರುವಂತಿಲ್ಲ, ಸಮಾನವಾದದ್ದು ಇನ್ನೊಂದಿಲ್ಲ, ಕಾಪಾಡಲು ಮಾತ್ರ ಪ್ರತಿ ವರ್ಷ ಖರ್ಚಿದೆ.

ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ವರ್ಷದ ಕೊನೆಯ ಸಾಲಿನದು. ಕಂಪನಿಗೆ ಲಾಭ ಬಂದರೆ ಒಳ್ಳೆಯದಾಯಿತು ಎನ್ನುತ್ತೇವೆ. ವಿಶ್ವವಿದ್ಯಾಲಯದ ಆದಾಯ ಖರ್ಚಿಗಿಂತ ಹೆಚ್ಚಾಗಿ ಉಳಿತಾಯವಾದರೆ? ಅದು ಒಳ್ಳೆಯ ಆಡಳಿತದ ಫಲವಿರಬಹುದು. ಅಧ್ಯಾಪಕರ ಹುದ್ದೆಗಳನ್ನು ತುಂಬದೆ ಖಾಲಿ ಬಿಟ್ಟದ್ದರ ಫಲವೂ ಇರಬಹುದು. ಎರಡೂ ಸಂದರ್ಭಗಳಲ್ಲಿ ಕೊನೆಯ ಸಾಲಿನ ಅಂಕಿ ಒಂದೇ. ಲಾಭವೆಂಬ ಅಳತೆಗೋಲು ಕೆಲಸ ಮಾಡದಿರುವ ಕಡೆ ಲೆಕ್ಕ ಒಪ್ಪಿಸುವುದು ಹೇಗೆ ಎಂಬುದು ನಮ್ಮ ಶಾಸ್ತ್ರದ ಅತಿ ಕಷ್ಟದ, ನನ್ನ ದೃಷ್ಟಿಯಲ್ಲಿ ಅತಿ ಬೆಲೆಯುಳ್ಳ ಪ್ರಶ್ನೆ. ಹಣದ ಅಂಕಿಗಳ ಪಕ್ಕದಲ್ಲಿ ಎಷ್ಟು ತರಗತಿಗಳು ನಡೆದವು, ಎಷ್ಟು ಮಂದಿ ಓದು ಮುಗಿಸಿದರು ಎಂಬ ವಿವರಗಳನ್ನೂ ಇಡದೆ ಅದಕ್ಕೆ ಉತ್ತರ ಸಿಗುವುದಿಲ್ಲ.

ಸರ್ಕಾರಗಳೂ ಇದೇ ತೊಡಕಿನಲ್ಲಿ ಸಿಲುಕಿವೆ. ನಗದು ಬಂದಾಗ ಆದಾಯ, ಹೋದಾಗ ಖರ್ಚು ಎಂದು ಬರೆಯುವ ಪದ್ಧತಿಯಲ್ಲಿ, ನೌಕರರಿಗೆ ಮುಂದೆ ಕೊಡುತ್ತೇವೆಂದು ಇಂದು ಮಾತು ಕೊಟ್ಟ ಪಿಂಚಣಿ ಎಲ್ಲಿಯೂ ಕಾಣಿಸುವುದಿಲ್ಲ; ಸವೆಯುತ್ತಿರುವ ರಸ್ತೆಯೂ ಕಾಣಿಸುವುದಿಲ್ಲ. ನ್ಯೂಜಿಲೆಂಡ್ 1989ರಲ್ಲಿ ಕಾನೂನನ್ನು ಬದಲಿಸಿ, 1991–92ರ ಸಾಲಿಗೆ ಇಡೀ ಸರ್ಕಾರದ ಲೆಕ್ಕವನ್ನು ಅಕ್ರೂಯಲ್ ಪದ್ಧತಿಯಲ್ಲಿ, ಅಂದರೆ ಹಣ ಕೈಬದಲಾಗುವವರೆಗೆ ಕಾಯದೆ ಹಕ್ಕು-ಹೊಣೆಗಳು ಹುಟ್ಟಿದಾಗಲೇ ಬರೆಯುವ ಪದ್ಧತಿಯಲ್ಲಿ, ಸಿದ್ಧಪಡಿಸಿತು. ಈಗ ಸಾರ್ವಜನಿಕ ವಲಯಕ್ಕೆಂದೇ ಪ್ರತ್ಯೇಕ ಅಂತರರಾಷ್ಟ್ರೀಯ ಮಾನದಂಡಗಳಿವೆ. ಹೆಚ್ಚಿನ ಪಠ್ಯಕ್ರಮಗಳಲ್ಲಿ ಈ ಭಾಗಕ್ಕೆ ಒಂದು ಅಧ್ಯಾಯವೋ ಅರ್ಧ ಅಧ್ಯಾಯವೋ ಸಿಗುತ್ತದೆ, ಉಳಿದದ್ದೆಲ್ಲ ಕಂಪನಿಗಳ ಲೆಕ್ಕಕ್ಕೆ. ಸಾರ್ವಜನಿಕರ ಹಣದಿಂದ ನಡೆಯುವ ವಿಶ್ವವಿದ್ಯಾಲಯದಲ್ಲಿ ಈ ಅನುಪಾತ ಹೀಗೇ ಇರಬಾರದು ಎಂಬ ನನ್ನ ಅಭಿಪ್ರಾಯವನ್ನು ನಾನು ಪಠ್ಯಕ್ರಮ ಸಮಿತಿಗಳಲ್ಲಿಯೂ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ಕೆಲವು ವ್ಯಾವಹಾರಿಕ ಮಾತುಗಳು. ಇಲ್ಲಿನ ತರಗತಿಗಳು ದೊಡ್ಡವು. ನಿಮ್ಮ ಮುಖ ಅಧ್ಯಾಪಕರಿಗೆ ತಾನಾಗಿ ಪರಿಚಯವಾಗುವುದಿಲ್ಲ. ಕೂಡದ ತಾಳೆಪಟ್ಟಿಯನ್ನು ಹಿಡಿದುಕೊಂಡು ಅವರ ಕೊಠಡಿಗೆ ಹೋಗಿ. ಸರಿಯಾದ ಉತ್ತರಕ್ಕಿಂತ ಸಿಕ್ಕಿಹಾಕಿಕೊಂಡ ಲೆಕ್ಕ ಒಳ್ಳೆಯ ಪರಿಚಯ ಪತ್ರ. ಅದೇ ಆವರಣದಲ್ಲಿ ಸಂಖ್ಯಾಶಾಸ್ತ್ರ, ಕಾನೂನು, ಅರ್ಥಶಾಸ್ತ್ರ, ಇತಿಹಾಸದ ವಿಭಾಗಗಳಿವೆ. ಅವುಗಳಲ್ಲಿ ಎರಡಾದರೂ ವಿಷಯಗಳನ್ನು ಆರಿಸಿಕೊಳ್ಳಿ. ಬರೆಯುವುದನ್ನು ಕಲಿಯಿರಿ. ಲೆಕ್ಕಿಗರ ಕೆಲಸದ ದೊಡ್ಡ ಪಾಲು ಟಿಪ್ಪಣಿ, ವರದಿ, ಪತ್ರಗಳಲ್ಲಿದೆ. ಒಂದು ಅಂದಾಜನ್ನು ಏಕೆ ಬದಲಿಸಲಾಯಿತು ಎಂಬುದನ್ನು ಸ್ಪಷ್ಟವಾದ ನಾಲ್ಕು ವಾಕ್ಯಗಳಲ್ಲಿ ಹೇಳಲಾರದವರು ಅದನ್ನು ಇನ್ನೂ ಅರ್ಥಮಾಡಿಕೊಂಡಿಲ್ಲ. ಯಂತ್ರಗಳು ಈ ಕೆಲಸವನ್ನು ಕಿತ್ತುಕೊಳ್ಳುತ್ತವೆಯೇ ಎಂದು ಪ್ರತಿ ವರ್ಷವೂ ಕೇಳುತ್ತಾರೆ. ನಮೂದು ಸಾಗಿಸುವ ಕೆಲಸವನ್ನು ಅವು ಆಗಲೇ ಕಿತ್ತುಕೊಂಡಿವೆ, ಅದಕ್ಕಾಗಿ ಮರುಗಬೇಕಾಗಿಲ್ಲ. ಆದರೆ ಸಹಿ ಹಾಕಿದವರ ಹೆಸರನ್ನು ಕಾನೂನು ಇಂದಿಗೂ ಕೇಳುತ್ತದೆ.

ಮೊದಲ ವಾರದ ಕೆಲಸವನ್ನು ಈಗಲೇ ಹೇಳಿಬಿಡುತ್ತೇನೆ. ವಿಶ್ವವಿದ್ಯಾಲಯದ ಇತ್ತೀಚಿನ ವಾರ್ಷಿಕ ಲೆಕ್ಕಪತ್ರವನ್ನು ಪಡೆದುಕೊಳ್ಳಿ. ಆದಾಯ-ವೆಚ್ಚದ ಪುಟಕ್ಕೆ ಹೋಗಬೇಡಿ. ಮೊದಲು ಲೆಕ್ಕಪರಿಶೋಧಕರ ವರದಿಯನ್ನು ಓದಿ, ಅವರು ಯಾವುದಕ್ಕಾದರೂ ಆಕ್ಷೇಪ ಎತ್ತಿದ್ದಾರೆಯೇ ನೋಡಿ. ಆಮೇಲೆ ಟಿಪ್ಪಣಿಗಳಿಗೆ ಹೋಗಿ, ಪಿಂಚಣಿ, ಮುಂಗಡವಾಗಿ ಬಂದ ಶುಲ್ಕ ಮತ್ತು ನಿರ್ದಿಷ್ಟ ಉದ್ದೇಶದ ಅನುದಾನಗಳ ಬಗ್ಗೆ ಏನಿದೆ ಎಂದು ಗುರುತು ಹಾಕಿಕೊಳ್ಳಿ. ಅನಾಮತ್ತು ಖಾತೆಯಲ್ಲಿ ಮೊತ್ತವೇನಾದರೂ ಉಳಿದಿದ್ದರೆ ಅದರ ಪಕ್ಕದಲ್ಲಿ ‘ಇದು ಯಾರ ಹಣ?’ ಎಂದು ಬರೆದುಕೊಂಡು ತರಗತಿಗೆ ಬನ್ನಿ. ನಾವು ಅಲ್ಲಿಂದ ಆರಂಭಿಸುತ್ತೇವೆ.